‘ಇಲ್ಲ’ಕ್ಕೆ ಟಿಕ್ ಹೊಡೆದು ಹೊರಟ ನಾಲ್ಕು ದಿನ

ಹೊರಡುವ ಮುಂಚೆಯೇ ಒಂದು ತಪ್ಪು ಮಾಡಿದ್ದೆ. ಊರೂರಿಗೆ ಯೇಸುವಿನ ಸುವಾರ್ತೆ ಹೇಳಲು ಹೋಗುವವರಿಗೆ ಅಂತ ನಮ್ಮ ಚರ್ಚಿನ ಸಭೆಯ ಯುವಜನರ ಕಮಿಟಿ ಒಂದು ಫಾರಂ ಮಾಡಿತ್ತು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಮನೆ, ಎಷ್ಟು ಕರಪತ್ರ, ಖರ್ಚೆಷ್ಟು ಅಂತ. ಅದರಲ್ಲಿ ನಾಲ್ಕನೇ ಪ್ರಶ್ನೆ: ‘ಈ ಊರಿನಲ್ಲಿ ಮೊದಲು ಯಾರಾದರೂ ಸೇವೆ ಮಾಡಿದ್ದಾರೆಯೇ?’ ಪಕ್ಕದಲ್ಲಿ ಹೌದು, ಇಲ್ಲ ಎಂದು ಎರಡು ಚೌಕ. ಹುಬ್ಬಳ್ಳಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಕೌಂಟರ್ ಮೇಲೆ ಫಾರಂ ಇಟ್ಟುಕೊಂಡು, ಯಾರದೋ ಡಿಸ್‌ಪ್ಲೇ ಅಂಟಿಸುತ್ತಾ, ಸಿಂಧನೂರಿನ ಹತ್ತಿರದ ಒಂದು ಊರಿನ (ಆ ಕಡೆ ‘ಕ್ಯಾಂಪು’ ಅನ್ನುತ್ತಾರೆ) ಹೆಸರು ಬರೆದು ‘ಇಲ್ಲ’ಕ್ಕೆ ಟಿಕ್ ಹೊಡೆದೆ. ಯಾರನ್ನೂ ಕೇಳಿರಲಿಲ್ಲ. ಗೂಗಲ್ ಮ್ಯಾಪಿನಲ್ಲಿ ಚರ್ಚ್ ಕಾಣಲಿಲ್ಲ, ಅಷ್ಟೇ.

ನಾಲ್ಕು ದಿನದ ಪ್ರವಾಸ. ಗುರುವಾರ ಹೊರಟು ಭಾನುವಾರ ರಾತ್ರಿ ವಾಪಸ್. ಜೊತೆಗೆ ಬಂದವರು ನಮ್ಮ ಸಭೆಯ ಹಿರಿಯರು, ರಿಟೈರ್ ಆದ ಕನ್ನಡ ಮಾಸ್ತರು. ನನ್ನ ಬ್ಯಾಗಿನಲ್ಲಿ 500 ಕರಪತ್ರ. ಅವರ ಬ್ಯಾಗಿನಲ್ಲಿ ಒಂದು ಬೈಬಲ್, ಒಂದು ಟವೆಲ್ಲು, ಕಟಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ. ಯಾರ ಬ್ಯಾಗು ಹೆಚ್ಚು ಕೆಲಸಕ್ಕೆ ಬಂತು ಅಂತ ಬೇರೆ ಹೇಳಬೇಕಾ?

ಗುರುವಾರ, ಬಳ್ಳಾರಿ

ರೈಲು ಗದಗ ದಾಟಿದ ಮೇಲೆ ಮಾಸ್ತರರಿಗೆ ಫಾರಂ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ಓದಿದರು. ನಾಲ್ಕನೇ ಪ್ರಶ್ನೆ ಹತ್ತಿರ ಬೆರಳು ನಿಂತಿತು. "ಇದನ್ನ ಪೆನ್ನಿನಾಗ ಬರದಿ? ಪೆನ್ಸಿಲ್‌ನಾಗ ಬರೀಬೇಕಿತ್ತು" ಅಂದರು. ಅಷ್ಟೇ. ಆಮೇಲೆ ಹೊಸಪೇಟೆ ಬರುವ ತನಕ ಮಲಗಿದರು.

ಸೀದಾ ಸಿಂಧನೂರಿಗೆ ಹೋಗುವುದು ನನ್ನ ಪ್ಲಾನ್ ಆಗಿತ್ತು. ಬಳ್ಳಾರಿ ಅವರ ಹಟ. ಈ ಸೀಮೆಗೆ ಸುವಾರ್ತೆ ಹೇಳಲು ಹೋಗುವವರು ಮೊದಲು ಬಳ್ಳಾರಿಯಲ್ಲಿ ಒಂದು ದಿನ ಸುಮ್ಮನೆ ನಡೆಯಬೇಕಂತೆ. ನಡೆದೆವು. ನವೆಂಬರ್ ಕೊನೆಯಾದರೂ ಮಧ್ಯಾಹ್ನದ ಬಿಸಿಲಿಗೆ ಬಳ್ಳಾರಿ ಗುಡ್ಡದ ಬಂಡೆ ಹೆಂಚಿನ ಹಾಗೆ ಕಾದಿತ್ತು. ಹಳೇ ಸ್ಮಶಾನದಲ್ಲಿ ಮಿಷನರಿಗಳ ಸಮಾಧಿ ಹುಡುಕೋಣ ಅಂತ ಹೋದರೆ ಗೇಟಿಗೆ ಬೀಗ. ಬೀಗದ ಕೈ ಇದ್ದವನು ಮದುವೆಗೆ ಹೋಗಿದ್ದ. ಗೇಟಿನ ಸರಳುಗಳ ಸಂದಿಯಿಂದ ಒಣಹುಲ್ಲು, ಎರಡು ಮೇಕೆ ಕಂಡವು.

ಅಲ್ಲೇ ಗೋಡೆಯ ನೆರಳಲ್ಲಿ ಕೂತು ಮಾಸ್ತರು ಹೇಳಿದ್ದು ಇದು. ಲಂಡನ್ ಮಿಷನ್ ಕಡೆಯಿಂದ ಜಾನ್ ಹ್ಯಾಂಡ್ಸ್ ಎಂಬಾತ ಬಳ್ಳಾರಿಗೆ ಬಂದಿದ್ದು 1810ರಲ್ಲಿ. ಬಂದವನಿಗೆ ಕನ್ನಡ ಕಲಿಯಲು ಸರಿಯಾದ ನಿಘಂಟಿಲ್ಲ. ಜನರ ಬಾಯಿಂದಲೇ ಕಲಿತು, ತಪ್ಪುತ್ತಾ ಒಪ್ಪುತ್ತಾ ಬೈಬಲನ್ನು ಕನ್ನಡಕ್ಕೆ ತರಲು ಕೂತ. 1816ರಲ್ಲಿ ವಿಲಿಯಂ ರೀವ್ ಬಂದು ಸೇರಿಕೊಂಡ. ಇಡೀ ಬೈಬಲ್ ಕನ್ನಡದಲ್ಲಿ ಆಗಿದ್ದು 1831ಕ್ಕೆ. ಅಂದರೆ ಇಪ್ಪತ್ತು ವರ್ಷದ ಮೇಲೆ. ಅಷ್ಟಾದರೂ ಆ ಕನ್ನಡ ಒರಟು. ಮುಂದೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನ ವೈಗ್ಲೆ, ಆಮೇಲೆ ಇನ್ನೂ ಎಷ್ಟೋ ಜನ ಅದನ್ನು ತಿದ್ದಿದರು.

"ನಿಘಂಟಿನ ಕಥಿನೂ ಅದ" ಅಂದರು. ರೀವ್ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದ. ಅದನ್ನು ತಿದ್ದಿ 1858ರಲ್ಲಿ ಬೆಂಗಳೂರಿನಲ್ಲಿ ಸ್ಯಾಂಡರ್ಸನ್ ಹೊರತಂದ. ಅದೆಲ್ಲದರ ಮೇಲೆ ಕೂತು ದುಡಿದು 1894ರಲ್ಲಿ ಕಿಟೆಲ್ ತನ್ನ ನಿಘಂಟು ಕೊಟ್ಟ. ನಾವೆಲ್ಲ ಕಿಟೆಲ್ ಹೆಸರು ಹೇಳುತ್ತೇವೆ. ಬೆಂಗಳೂರಿನಲ್ಲಿ ಅವನ ಪ್ರತಿಮೆ ಇದೆ. ರೀವ್ ಹೆಸರು ಬಳ್ಳಾರಿಯ ಆಟೋದವರಿಗೂ ಗೊತ್ತಿಲ್ಲ. (ಕೇಳಿ ನೋಡಿದೆ. "ಯಾವ ಏರಿಯಾ ಸರ್?" ಅಂದ.)

ಇನ್ನೊಂದು ಸಂಗತಿ ನನಗೆ ಹೊಸದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಶುರುವಾಯಿತು ಅಂತ ಶಾಲೆಯಲ್ಲಿ ಓದಿದ್ದೆ. ಅದನ್ನು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹಾಕುತ್ತಿದ್ದರು. ಬಳ್ಳಾರಿಯ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಇತ್ತು. ಹಾಗಾಗಿ ಪತ್ರಿಕೆ ನಡೆಸುತ್ತಿದ್ದ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಮರುವರ್ಷವೇ ಪತ್ರಿಕೆಯನ್ನು ಇಲ್ಲಿಗೆ ಕಳಿಸಿ ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿದ. ಬಾಸೆಲ್‌ನವರ ಪತ್ರಿಕೆ, ಲಂಡನ್ನಿನವರ ಅಚ್ಚುಕೂಟ. ಈಗ ಒಂದೇ ಓಣಿಯ ಎರಡು ಸಭೆಯವರು ಒಂದು ಮೈಕ್ ಸೆಟ್ ಕೊಡು-ತಗೊಳ್ಳುವುದಿಲ್ಲ, ಅದು ಬೇರೆ ಮಾತು.

ಆದರೆ ಮಾಸ್ತರು ಹುಡುಕುತ್ತಿದ್ದುದು ಈ ಬಿಳಿಯರ ಸಮಾಧಿಯಲ್ಲ. ಸಾಮ್ಯುವೆಲ್ ಫ್ಲೇವೆಲ್ ಎಂಬ ತಮಿಳು ಮನುಷ್ಯನ ಗುರುತು. ಹೆಸರು ಕೇಳಿದರೆ ಇಂಗ್ಲಿಷಿನವನು ಅನ್ನಿಸುತ್ತದೆ, ಅಲ್ವಾ? ಅಲ್ಲ. ಬೆಂಗಳೂರಿನಲ್ಲಿ ತಮಿಳರ ನಡುವೆ ಕೆಲಸ ಮಾಡಿ 1827ರಲ್ಲಿ ಬಳ್ಳಾರಿಗೆ ಬಂದವರು. ಇಪ್ಪತ್ತು ವರ್ಷ ಇಲ್ಲೇ ಸಭಾಪಾಲಕರಾಗಿದ್ದು 1847ರಲ್ಲಿ ಕಾಲರಾದಿಂದ ತೀರಿಕೊಂಡರು. ಸಾಹೇಬರು ಪುಸ್ತಕ ಬರೆದರು, ಮನೆಮನೆಗೆ ಹೋಗಿ ಬಾಗಿಲಲ್ಲಿ ಕೂತು ಮಾತಾಡಿದವರು ಇಂಥವರು ಅನ್ನುವುದು ಮಾಸ್ತರರ ವಾದ. ನಾನು ಎದುರು ಹೇಳಲಿಲ್ಲ. ಹೇಳಲು ನನಗೇನು ಗೊತ್ತಿತ್ತು?

ಸಂಜೆ ವಾರ್ಡ್ಲಾ ಶಾಲೆಯ ಮುಂದೆ ನಿಂತೆವು. 1846ರಿಂದ ನಡೆದುಬಂದ ಮಿಷನ್ ಶಾಲೆ. ಮಕ್ಕಳು ಬ್ಯಾಗು ಬೀಸಿಕೊಂಡು ಹೊರಗೆ ಬರುತ್ತಿದ್ದರು. ಕೌಲ್ ಬಜಾರ್ ಕಡೆ ಒಗ್ಗಾಣಿ-ಮೆಣಸಿನಕಾಯಿ ತಿಂದೆವು. ಮಾಸ್ತರರಿಗೆ ಖಾರ ಹತ್ತಿ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಪ್ಲೇಟ್ ತರಿಸಿದರು.

ಶುಕ್ರವಾರ, ಸಿರುಗುಪ್ಪ ದಾಟಿ ಕ್ಯಾಂಪು

ಬಳ್ಳಾರಿಯಿಂದ ಸಿರುಗುಪ್ಪ, ಅಲ್ಲಿಂದ ತುಂಗಭದ್ರೆ ದಾಟಿ ಸಿಂಧನೂರು. ಸಿರುಗುಪ್ಪ ಹತ್ತಿರ ಬರುತ್ತಿದ್ದ ಹಾಗೆ ಎರಡೂ ಕಡೆ ಭತ್ತ. ಕೆಲವು ಕಡೆ ಕೊಯ್ಲಿಗೆ ಬಂದು ಬಾಗಿದೆ, ಕೆಲವು ಕಡೆ ಕಟಾವು ಮಷಿನ್ ಓಡಾಡುತ್ತಿದೆ, ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದಾರೆ, ಬಸ್ಸು ಬಾಕಿ ಅರ್ಧದಲ್ಲಿ ಹಾರ್ನ್ ಹೊಡೆಯುತ್ತಾ ನುಸುಳುತ್ತದೆ. ‘ಹೊಲಗಳು ಬೆಳ್ಳಗಾಗಿ ಕೊಯ್ಲಿಗೆ ಬಂದಿವೆ’ ಎಂಬ ಯೇಸುವಿನ ಮಾತು ನೆನಪಾಯಿತು. ಕರಪತ್ರದ ಮೇಲೆ ನಾನು ಹಾಕಿಸಿದ್ದೂ ಅದನ್ನೇ, ಗೋಧಿ ತೆನೆಯ ಫೋಟೋ ಜೊತೆಗೆ. ಸಿಂಧನೂರಿನಲ್ಲಿ ಗೋಧಿ! ಡಿಸೈನ್ ಮಾಡಿದವನು ನಾನೇ, ಬೇರೆ ಯಾರನ್ನೂ ಬೈಯುವ ಹಾಗಿಲ್ಲ.

ಸಿಂಧನೂರಿನಲ್ಲಿ ಚಹಾ ಕುಡಿಯುವಾಗ ಪಕ್ಕದಲ್ಲಿ ಕೂತ ಯಜಮಾನರೊಬ್ಬರು ಎಲ್ಲಿಯವರು, ಎತ್ತ ಹೊರಟಿದ್ದೀರಿ ಎಂದು ವಿಚಾರಿಸಿದರು. ಹೇಳಿದೆವು. "ಮತಾಂತರ ಮಾಡಾಕ ಬಂದೀರೇನು?" ಅಂತ ನೇರವಾಗಿ ಕೇಳಿದರು. ಸಿಟ್ಟಿರಲಿಲ್ಲ, ಪಕ್ಕಾ ಲೆಕ್ಕ ಬೇಕಿತ್ತು ಅಷ್ಟೇ. ನಾನು ಸಂವಿಧಾನದ 25ನೇ ವಿಧಿ ಅಂತ ಶುರು ಮಾಡಿದೆ. ಮಾಸ್ತರು ನನ್ನ ತೊಡೆ ಮುಟ್ಟಿ ಸುಮ್ಮನಾಗಿಸಿ, "ಇಲ್ರೀ ಯಜಮಾನ್ರ. ನಾವು ನಂಬಿದ್ದನ್ನ ಹೇಳ್ತೀವಿ, ಕೇಳಿದವರಿಗೆ. ಬ್ಯಾಡ ಅಂದ್ರ ಚಾ ಕುಡದು ಹೋಗ್ತೀವಿ" ಅಂದರು. ಯಜಮಾನರು ನಕ್ಕರು. ಆಮೇಲೆ ಮಾತು ನೀರಿನ ಕಡೆ ಹೋಯಿತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ರಾತ್ರಿ ತಾವು ನಿದ್ದೆ ಮಾಡಲಿಲ್ಲ ಎಂದರು. ಅವರ ಹೊಲ ಕಾಲುವೆಯ ಕೊನೆಗಿದೆ. "ಮ್ಯಾಲಿನವರು ಬಿಟ್ಟಷ್ಟು ನಮಗ. ನೀರು ನಮ್ಮದಲ್ರಿ, ಬಂದಾಗ ಹೊಲ ರೆಡಿ ಇಟಗೋಬೇಕು" ಅಂದರು. ಚಹಾದ ದುಡ್ಡು ಅವರೇ ಕೊಟ್ಟರು.

ಕ್ಯಾಂಪು ಅಂದರೆ ಹೊರಗಿನವರಿಗೆ ಟೆಂಟು ಅನ್ನಿಸಬಹುದು. ಅಲ್ಲ. 1953ರಲ್ಲಿ ಡ್ಯಾಮಿನಲ್ಲಿ ನೀರು ನಿಂತು ಎಡದಂಡೆ ಕಾಲುವೆ ಹರಿದ ಮೇಲೆ ಆಂಧ್ರದ ಕಡೆಯಿಂದ ರೈತರು ಬಂದು ಜಮೀನು ಕೊಂಡು ಸಮ ಮಾಡಿ ನೆಲೆ ನಿಂತ ಊರುಗಳು. ಸಿಂಧನೂರು, ಗಂಗಾವತಿ ಕಡೆ ಇವು ಬಹಳ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ.

ನಾನು ‘ಇಲ್ಲ’ ಅಂತ ಟಿಕ್ ಹೊಡೆದ ಕ್ಯಾಂಪಿನಲ್ಲಿ ಬಸ್ಸಿಳಿದ ಕೂಡಲೇ ಕೇಳಿಸಿದ್ದು ಡೋಲಕ್ಕು, ಚಪ್ಪಾಳೆ. ಶುಕ್ರವಾರದ ಉಪವಾಸ ಪ್ರಾರ್ಥನೆ. ತಗಡಿನ ಶೀಟು ಹೊದಿಸಿದ ಉದ್ದನೆ ಕೋಣೆ, ಒಳಗೆ ಐವತ್ತು ಜನ ಇರಬಹುದು, ಹೊರಗೆ ಚಪ್ಪಲಿಗಳ ರಾಶಿ. ಮಾಸ್ತರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿರುತ್ತಿತ್ತು.

ಪ್ರಾರ್ಥನೆ ತೆಲುಗಿನಲ್ಲಿ. ಮುಗಿದ ಮೇಲೆ ಪಾಸ್ಟರ್ ನಮ್ಮನ್ನು ಕರೆದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ನಲವತ್ತರ ಆಸುಪಾಸಿನ ಮನುಷ್ಯ. ವಾರವೆಲ್ಲ ಮೂರು ಗಾಲಿಯ ಟಂಟಂ ಓಡಿಸುತ್ತಾರೆ, ಭತ್ತದ ಚೀಲ, ಗೊಬ್ಬರ, ಕೆಲವೊಮ್ಮೆ ಹೆಣ ಕೂಡ ಸಾಗಿಸುತ್ತಾರೆ. ಮಾತು ಸೌಮ್ಯ, ಆದರೆ ನಾವು ಹುಬ್ಬಳ್ಳಿಯವರು, ‘ಸೇವೆ’ಗೆ ಬಂದಿದ್ದೇವೆ ಎಂದ ಕೂಡಲೇ ಮುಖ ಬಿಗಿಯಿತು. ಕಾರಣ ಆಮೇಲೆ ಗೊತ್ತಾಯಿತು. ಹೋದ ವರ್ಷ ದೊಡ್ಡ ಊರಿನ ಒಂದು ತಂಡ ಬಂದು ಪಕ್ಕದ ಬಯಲಲ್ಲಿ ಮೂರು ರಾತ್ರಿ ಕೂಟ ಮಾಡಿತಂತೆ. ದೊಡ್ಡ ಸ್ಟೇಜು, ಡ್ರೋನು. ಯೇಸುವನ್ನು ನಂಬುವವರು ಕೈ ಎತ್ತಿ ಅಂದರು, ಇವರ ಸಭೆಯವರೇ ಕೈ ಎತ್ತಿದರು, ಫೋಟೋ ತೆಗೆದುಕೊಂಡು ಹೋದರು. ಹೊಸದಾಗಿ ನಂಬಿದವರು ಅಂತ ಯಾವುದೋ ವರದಿಯಲ್ಲಿ ಹಾಕಿದರಂತೆ. ಅದು ಹೋಗಲಿ, ಆಮೇಲೆ ಒಬ್ಬ ಹುಡುಗನಿಗೆ ಸಂಬಳ ಕೊಟ್ಟು ಇನ್ನೊಂದು ಸಭೆ ಶುರು ಮಾಡಿಸಿದರು. ಇವರ ಹದಿಮೂರು ಮನೆ ಅಲ್ಲಿಗೆ ಹೋದವು. ಆರು ತಿಂಗಳಿಗೆ ಸಂಬಳ ನಿಂತಿತು, ಸಭೆಯೂ ನಿಂತಿತು. ಹದಿಮೂರರಲ್ಲಿ ಐದು ಮನೆ ವಾಪಸ್ ಬಂದವು.

"ಉಳಿದ ಎಂಟು?" ಅಂತ ಕೇಳಿದೆ.

"ಎಲ್ಲಿಗೂ ಹೋಗಲ್ಲಣ್ಣಾ ಈಗ. ನಮ್ ಕಡೆ ಬರೋದಕ್ಕೆ ನಾಚಿಕೆ ಅವರಿಗೆ" ಅಂದರು.

ನನ್ನ ಬ್ಯಾಗು ಕಾಲ ಹತ್ತಿರವೇ ಇತ್ತು. ಅದನ್ನು ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿದೆ. ಫಾರಂನಲ್ಲಿ ಹತ್ತನೇ ಪ್ರಶ್ನೆ ಏನು ಗೊತ್ತಾ? ‘ಎಷ್ಟು ಜನ ಕೈ ಎತ್ತಿದರು?’

ಮಾಸ್ತರು ಕೇಳಿದ್ದು ಬೇರೆ. ಈ ಸಭೆ ಶುರು ಮಾಡಿದವರು ಯಾರು? ಪಾಸ್ಟರ್ ಮುಖ ಮೊದಲ ಸಲ ಸಡಿಲವಾಯಿತು. ತಾವಲ್ಲವಂತೆ. ಗುಂಟೂರು ಕಡೆಯಿಂದ ಕೂಲಿಗೆ ಬಂದ ಒಬ್ಬ ತಾತ, ಬೇವಿನ ಮರದ ಕೆಳಗೆ ತಾನೊಬ್ಬನೇ ಕೂತು ಹಾಡುತ್ತಿದ್ದನಂತೆ. ನಾಟಿಗೆ ಬಂದ ಹೆಂಗಸರು ಬುತ್ತಿ ಬಿಚ್ಚುವ ಹೊತ್ತಿಗೆ ಅಲ್ಲಿ ಕೂರುತ್ತಿದ್ದರು, ನೆರಳಿಗೆ. ಹಾಡಿಗಲ್ಲ. ಹಾಗೇ ಆಯಿತಂತೆ. ಮರ ಈಗ ಇಲ್ಲ. ಅದು ಇದ್ದ ಜಾಗವೇ ಈ ಕೋಣೆ.

ರಾತ್ರಿ ಅವರ ಮನೆಯಲ್ಲೇ ಉಳಿದೆವು. ಚಾಪೆ ಮೇಲೆ ಮಲಗಿ ಮಾಸ್ತರರ ಹತ್ತಿರ ವಾದ ಮಾಡಿದೆ. ಬೈಬಲಿನಲ್ಲಿ ಅಪೊಸ್ತಲ ಪೌಲನೇ ರೋಮಾಪುರದವರಿಗೆ ಬರೆದಿದ್ದಾನಲ್ಲ, ಇನ್ನೊಬ್ಬರು ಹಾಕಿದ ಅಸ್ತಿವಾರದ ಮೇಲೆ ನಾನು ಕಟ್ಟುವುದಿಲ್ಲ, ಕ್ರಿಸ್ತನ ಹೆಸರು ಕೇಳದ ಕಡೆಗೇ ಹೋಗುತ್ತೇನೆ ಅಂತ. ನಾವೂ ಅದನ್ನೇ ಮಾಡಲು ಹೊರಟಿದ್ದಲ್ಲವೇ? ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಲಗಿದರು ಅಂದುಕೊಂಡೆ. "ಅಂವ ಅದನ್ನ ಬರದಿದ್ದು ಎಲ್ಲೆಲ್ಲಿ ಯಾರ್ಯಾರು ಕೆಲಸ ಮಾಡ್ಯಾರ ಅಂತ ಗೊತ್ತು ಮಾಡಕೊಂಡು. ನಿನ್ನಂಗ ಮ್ಯಾಪ್ ನೋಡಿ ಅಲ್ಲ" ಅಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ: "ಅಂವನೇ ಕೊರಿಂಥದವರಿಗೆ ಬರದಾನ. ನಾ ನೆಟ್ಟೆ, ಅಪೊಲ್ಲೋಸ ನೀರು ಹಾಕಿದ ಅಂತ. ತಾ ನೆಟ್ಟಿದ್ದಕ್ಕ ಇನ್ನೊಬ್ಬ ನೀರು ಹಾಕಿದ್ರ ಅಂವಗ ಹೊಟ್ಟಿ ಉರೀಲಿಲ್ಲ. ಅದು ನೋಡು." ಸೊಳ್ಳೆ ಬಹಳ ಇದ್ದವು. ನನಗೆ ನಿದ್ದೆ ಹತ್ತಲಿಲ್ಲ, ಸೊಳ್ಳೆಯಿಂದ ಮಾತ್ರ ಅಲ್ಲ.

ಶನಿವಾರ, ಅಜ್ಜಿಯ ಬೈಬಲ್

ಬೆಳಿಗ್ಗೆ ಪಾಸ್ಟರ್ ತಾವಾಗಿಯೇ ಒಂದು ಮಾತು ಎತ್ತಿದರು. ಕ್ಯಾಂಪಿನ ದೊಡ್ಡವರು ತೆಲುಗು ಬೈಬಲ್ ಓದುತ್ತಾರೆ. ಮಕ್ಕಳು ಕನ್ನಡ ಶಾಲೆಗೆ ಹೋಗುತ್ತವೆ, ಅವಕ್ಕೆ ತೆಲುಗು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸಂಡೆ ಸ್ಕೂಲಿಗೆ ಕನ್ನಡದಲ್ಲಿ ಹೇಳಿಕೊಡುವವರು ಬೇಕು. "ಹೊಸ ಸಭೆ ಬೇಡಣ್ಣಾ. ತಿಂಗಳಿಗೆ ಒಂದು ಸಲ ಬಂದು ಮಕ್ಕಳಿಗೆ ಕನ್ನಡ ಬೈಬಲ್ ಓದಿಸಿ. ಸಾಕು." ಮಾಸ್ತರರ ಮುಖ ನೋಡಬೇಕಿತ್ತು. ಮೂವತ್ತೆರಡು ವರ್ಷ ಕನ್ನಡ ಕಲಿಸಿದ ಮನುಷ್ಯ.

ಆಮೇಲೆ ಟಂಟಂ ಹತ್ತಿಸಿಕೊಂಡು ಹತ್ತಿರದ ಹಳ್ಳಿಗೆ ಕರೆದುಕೊಂಡು ಹೋದರು. ಅದು ಹಳೇ ಊರು, ಕನ್ನಡದವರದ್ದು. ಅಲ್ಲಿ ತಾವೂ ಯಾರಿಗೂ ಸುವಾರ್ತೆ ಹೇಳಿಲ್ಲ, ಆದರೆ ಒಬ್ಬ ಅಜ್ಜಿಯನ್ನು ನೀವು ನೋಡಬೇಕು ಅಂದರು.

ಅಜ್ಜಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎಂಬತ್ತು ದಾಟಿದೆ. ಮಾತಾಡುತ್ತಲೇ ಬಡಿಯುತ್ತಾಳೆ, ಕೈ ಕಡೆ ನೋಡುವುದೇ ಇಲ್ಲ, ರೊಟ್ಟಿ ತಾನಾಗಿ ಸುತ್ತುತ್ತದೆ. ಗೋಡೆಯ ಮೇಲೆ ಕೊಪ್ಪಳದ ಗವಿಮಠದ ಕ್ಯಾಲೆಂಡರು. ನಾನು ಅದನ್ನು ನೋಡಿದ್ದನ್ನು ನೋಡಿ, "ಗವಿಸಿದ್ದಪ್ಪಜ್ಜ. ಜಾತ್ರಿಗೆ ಹೋಗ್ತೀವಿ ವರ್ಸಾ" ಅಂದಳು. ನಾನು ಒಂದು ಕರಪತ್ರ ತೆಗೆದು ಕೊಟ್ಟೆ. ಅಜ್ಜಿಗೆ ಓದು ಬರುವುದಿಲ್ಲ. ಏಳನೇ ಕ್ಲಾಸಿನ ಮೊಮ್ಮಗಳು ತೆಗೆದುಕೊಂಡು ಜೋರಾಗಿ ಓದಲು ಶುರು ಮಾಡಿದಳು. ‘ಮಾನವಕುಲದ ವಿಮೋಚನೆಗಾಗಿ ಪ್ರಾಯಶ್ಚಿತ್ತಾತ್ಮಕ’ ತನಕ ಬಂದು ನಿಂತಳು. ಮತ್ತೆ ಪ್ರಯತ್ನ ಮಾಡಿದಳು. ಪ್ರಾಯ... ಪ್ರಾಯಶ್ಚಿ... ಅಜ್ಜಿ ರೊಟ್ಟಿ ಹೆಂಚಿಗೆ ಹಾಕಿ, "ಇದು ಯಾವ ಊರಿನ ಕನ್ನಡಪಾ ತಮ್ಮಾ?" ಅಂತ ನನ್ನನ್ನೇ ಕೇಳಿದಳು.

ಕೈ ತೊಳೆದುಕೊಂಡು ಒಳಗೆ ಹೋಗಿ ಒಂದು ಗಂಟು ತಂದಳು. ಗಂಡನ ಹಳೇ ರುಮಾಲಿನ ಬಟ್ಟೆ. ಬಿಚ್ಚಿದರೆ ಕನ್ನಡ ಬೈಬಲ್. ರಟ್ಟು ಕಿತ್ತುಹೋಗಿದ್ದನ್ನು ಗೋಣಿಚೀಲದ ದಾರದಿಂದ ಹೊಲಿದಿದ್ದಾರೆ, ದೊಡ್ಡ ದೊಡ್ಡ ಹೊಲಿಗೆ, ಚೀಲದ ಬಾಯಿ ಹೊಲಿದ ಹಾಗೆ. ಮೊದಲ ಪುಟಗಳಿಲ್ಲ, ಹಾಗಾಗಿ ಯಾವ ವರ್ಷದ್ದು ಗೊತ್ತಾಗಲಿಲ್ಲ. ಕೀರ್ತನೆಗಳ ಕಡೆ ತಾನಾಗಿ ತೆರೆದುಕೊಂಡಿತು. ಆ ಎರಡು ಪುಟಗಳಿಗೆ ಎಣ್ಣೆ ಹೀರಿ ಆಚೆ ಕಡೆಯ ಅಕ್ಷರ ಈಚೆ ಕಾಣುತ್ತಿದ್ದವು. ಮೂಲೆಯಲ್ಲಿ ಕೆಂಪಗೆ ಬೆರಳಚ್ಚು. ಖಾರದ್ದು.

ಓದು ಬರದ ಅಜ್ಜಿ ಆ ಪುಟದ ಮೇಲೆ ಕೈ ಇಟ್ಟು ಬಾಯಿಪಾಠ ಹೇಳಿದಳು. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಪೂರ್ತಿ 23ನೇ ಕೀರ್ತನೆ. ಒಂದು ಕಡೆಯೂ ತಡವರಿಸಲಿಲ್ಲ. ಮುಗಿಸಿ ಅವಳೇ ವಿವರಣೆ ಕೊಟ್ಟಳು. "ಕುರುಬ ಅಂದ್ರ ನಮಗ ಗೊತ್ತಲ್ಲ. ನಮ್ಮನಿಯಾವ್ರು ಕುರಿ ಕಾದವ್ರು. ಮಳ್ಯಾಗ ತನ್ನ ಕಂಬಳಿ ಕುರಿಮರಿಗೆ ಹೊಚ್ಚಿ ತಾ ತೋಯಿಸಿಕೊಂಡು ನಿಂದ್ರತಿದ್ರು. ದೇವ್ರು ಹಂಗ ಅಂತ ಆಕಿ ಹೇಳಿದ್ಲು."

ಆಕಿ ಅಂದರೆ ಯಾರು? ಬೈಬಲಮ್ಮ. ಅಜ್ಜಿ ಹೊಸ ಸೊಸೆಯಾಗಿ ಬಂದಾಗ, ಎರಡನೇ ಬಾಣಂತನದಲ್ಲಿ ಕೂಸು ತೀರಿಹೋದಾಗ, ಒಬ್ಬ ಹೆಂಗಸು ಬಿಳಿ ಸೀರೆ ಉಟ್ಟು ಕೊಡೆ ಹಿಡಿದು ನಡೆದು ಬರುತ್ತಿದ್ದಳಂತೆ. ಬಂದು ಏನೂ ಹೇಳದೆ ಮೊದಲು ಕಸ ಗುಡಿಸುತ್ತಿದ್ದಳಂತೆ. ಆಮೇಲೆ ಓದುತ್ತಿದ್ದಳು. ಎರಡು ಮಳೆಗಾಲ ಬಂದಳು. ಮೂರನೇ ವರ್ಷ ಬರಲಿಲ್ಲ. ಬೈಬಲ್ ಬಿಟ್ಟು ಹೋಗಿದ್ದಳು.

"ಆಕಿ ಹೆಸರೇನಬೇ?" ಮಾಸ್ತರು ಕೇಳಿದರು.

"ಯಾರಿಗ್ಗೊತ್ತು. ಬೈಬಲಮ್ಮ ಅಂತಿದ್ವಿ."

ನನ್ನ ತಲೆಯಲ್ಲಿ ಫಾರಂ ಓಡುತ್ತಿತ್ತು. ಈ ಅಜ್ಜಿ ದೀಕ್ಷಾಸ್ನಾನ ತಗೊಂಡಿಲ್ಲ. ಯಾವ ಸಭೆಗೂ ಹೋಗಿಲ್ಲ. ಜಾತ್ರೆಗೆ ಹೋಗುತ್ತಾಳೆ. ರಾತ್ರಿ ಮಲಗುವ ಮುಂಚೆ ಈ ಪುಟದ ಮೇಲೆ ಕೈ ಇಟ್ಟು ಹೇಳಿಯೇ ಮಲಗುತ್ತಾಳೆ, ಅಷ್ಟು ವರ್ಷದಿಂದ. ಇವಳನ್ನು ಯಾವ ಚೌಕದಲ್ಲಿ ಹಾಕುವುದು? ಪಾಸ್ಟರನ್ನು ಕೇಳಿದೆ, ನೀವು ಯಾಕೆ ಇವಳಿಗೆ ಮುಂದಿನದನ್ನು ಹೇಳಲಿಲ್ಲ ಅಂತ. "ನಾನು ಬರ್ತೀನಿ, ರೊಟ್ಟಿ ತಿಂತೀನಿ, ಓದ್ತೀನಿ. ಅವಳು ಕೇಳಿದ ದಿನ ಹೇಳ್ತೀನಿ" ಅಂದರು. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಎಂಬತ್ತು ದಾಟಿದೆ, ಇನ್ನೆಷ್ಟು ದಿನ ಕಾಯುವುದು ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಅಜ್ಜಿಗೆ ನಮ್ಮಿಂದ ಬೇಕಾಗಿದ್ದು ಒಂದೇ. ಬೈಬಲಮ್ಮ ಒಂದು ಹಾಡು ಕಲಿಸಿದ್ದಳಂತೆ. ಎರಡು ನುಡಿ ನೆನಪಿದೆ, ಮೂರನೆಯದು ಮರೆತಿದೆ. ಹಾಡಿದಳು. ಮಾಸ್ತರು ಕೂಡಲೇ ದನಿಗೂಡಿಸಿದರು, ಅವರ ತಾಯಿ ಹಾಡುತ್ತಿದ್ದ ಕೀರ್ತನೆಯಂತೆ. ಎರಡು ನುಡಿ ಇಬ್ಬರೂ ಹಾಡಿದರು. ಮೂರನೆಯದಕ್ಕೆ ಬಂದರೆ ಮಾಸ್ತರರಿಗೂ ನೆನಪಿಲ್ಲ! ಗದಗಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದರು. ಎತ್ತಲಿಲ್ಲ. ಮೊಮ್ಮಗಳ ನಂಬರ್ ಬರೆದುಕೊಂಡು, ಬಿಸಿ ರೊಟ್ಟಿ, ಪುಂಡಿಪಲ್ಯ ತಿಂದು ಹೊರಟೆವು.

ಮಸ್ಕಿ ಮೇಲೆ ಹಾದು ಲಿಂಗಸುಗೂರಿಗೆ ಬಂದು ಲಾಡ್ಜು ಹಿಡಿದೆವು. ಮಸ್ಕಿಯಲ್ಲಿ ಇಳಿಯಬೇಕಿತ್ತು, ಬಸ್ಸು ನಿಲ್ಲಿಸಿದ್ದು ಎರಡೇ ನಿಮಿಷ.

ಭಾನುವಾರ, ಮುದಗಲ್ ಮತ್ತು ಕೊಪ್ಪಳ

ಮುದಗಲ್ ಎಂದರೆ ಎಲ್ಲರಿಗೂ ಕೋಟೆ, ಮೊಹರಂ. ಇಲ್ಲಿ ಹಳೇ ಕಥೋಲಿಕ ಚರ್ಚ್ ಇದೆ, ಜೆಸ್ವಿಟ್ ಪಾದ್ರಿಗಳ ಕಾಲದ್ದು. 1557 ಎನ್ನುತ್ತಾರೆ. ತಾಳಿಕೋಟೆ ಯುದ್ಧ ಆಗಿದ್ದು 1565ರಲ್ಲಿ. ಅಂದರೆ ಹಂಪಿ ಇನ್ನೂ ಹಾಳಾಗಿರಲಿಲ್ಲ, ನಮ್ಮ ಬಳ್ಳಾರಿಯ ಹ್ಯಾಂಡ್ಸ್ ಬರಲು ಇನ್ನೂ ಇನ್ನೂರೈವತ್ತು ವರ್ಷ ಬಾಕಿ. ಬಳ್ಳಾರಿಯಲ್ಲಿ ಹ್ಯಾಂಡ್ಸ್‌ನೇ ಮೊದಲಿಗ ಎಂದು ಗುರುವಾರ ಅಂದುಕೊಂಡಿದ್ದೆ, ಭಾನುವಾರ ಬೆಳಿಗ್ಗೆ ಅವನೂ ಈ ಸೀಮೆಗೆ ತಡವಾಗಿ ಬಂದವನಾದ.

ಕಥೋಲಿಕರ ಭಾನುವಾರದ ಆರಾಧನೆಗೆ, ಅಂದರೆ ಬಲಿಪೂಜೆಗೆ, ಕೂತೆವು. ಮಾಸ್ತರರಿಗೆ ಇದು ಸುಲಭವಲ್ಲ. ಪ್ರಾಟೆಸ್ಟೆಂಟರ ಮನೆಯಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲಿ ‘ಅವರ ಗುಡಿ’ಗೆ ಕಾಲಿಡಬೇಡ ಅಂತ ಅಪ್ಪ ಹೇಳಿದ್ದರಂತೆ. ಪ್ರಸಾದ ಕೊಡುವ ಹೊತ್ತಿಗೆ ನಾವಿಬ್ಬರೂ ಎದ್ದು ಹೋಗಲಿಲ್ಲ, ಅದು ಅವರ ನಿಯಮ, ನಮ್ಮ ನಿಯಮವೂ. ಆದರೆ ಇಡೀ ಪೂಜೆ ಕನ್ನಡದಲ್ಲಿ, ಮುಂದಿನ ಸಾಲಿನಲ್ಲಿ ತಲೆ ಮೇಲೆ ಸೆರಗು ಹೊದ್ದ ಹೆಂಗಸರು, ಪಕ್ಕಾ ಈ ನೆಲದ ಮಾತು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಶುರುವಾದಾಗ ಮಾಸ್ತರು ಎಲ್ಲರಿಗಿಂತ ಜೋರಾಗಿ ಹೇಳಿದರು. ಕೊನೆಗೆ ಅವರು ನಿಲ್ಲಿಸಿದ ಮೇಲೂ ನಮ್ಮವರು ಹೇಳುವ ಸಾಲನ್ನು ಇವರೊಬ್ಬರೇ ಮುಂದುವರಿಸಿ, ಇಡೀ ಚರ್ಚ್ ತಿರುಗಿ ನೋಡಿತು.

ತಾವರಗೇರಾ, ಕುಷ್ಟಗಿ ಮೇಲೆ ಕೊಪ್ಪಳ. ಮಧ್ಯಾಹ್ನದ ರೈಲು ತಪ್ಪಿತು. ಸಂಜೆಯದಕ್ಕೆ ನಾಲ್ಕು ಗಂಟೆ ಸಮಯ. ಗವಿಮಠಕ್ಕೆ ಹೋದೆವು, ಅಜ್ಜಿಯ ಕ್ಯಾಲೆಂಡರಿನ ಮಠ. ದಾಸೋಹದಲ್ಲಿ ಊಟ. ಯಾರೂ ಯಾರು ನೀವು ಅಂತ ಕೇಳಲಿಲ್ಲ, ಇನ್ನಷ್ಟು ಸಾರು ಬೇಕಾ ಅಂತ ಮಾತ್ರ ಕೇಳಿದರು. ಈ ಮಠ ಎಷ್ಟೋ ಬಡ ಮಕ್ಕಳಿಗೆ ಊಟ, ವಸತಿ ಕೊಟ್ಟು ಓದಿಸುತ್ತದೆ. ನಮ್ಮ ಮಿಷನ್ ಶಾಲೆಗಳ ಬಗ್ಗೆ ಎದೆಯುಬ್ಬಿಸಿ ಮಾತಾಡುವ ನಮ್ಮವರು ಇಲ್ಲಿ ಬಂದು ಒಂದು ಪಂಕ್ತಿಯಲ್ಲಿ ಕೂರಬೇಕು ಅನ್ನಿಸಿತು.

ಮಠದ ಗುಡ್ಡದ ಮೇಲೆ ಅಶೋಕನ ಶಾಸನವಿದೆ. ಮಾಸ್ತರರ ಮೊಣಕಾಲು ಒಪ್ಪಲಿಲ್ಲ, ನಾನೊಬ್ಬನೇ ಹತ್ತಿ ನೋಡಿ ಬಂದೆ. ಬ್ರಾಹ್ಮಿ ಲಿಪಿ, ಒಂದಕ್ಷರವೂ ಅರ್ಥವಾಗಲಿಲ್ಲ. ಕೆಳಗೆ ಬಂದ ಮೇಲೆ ಅವರು ಮಸ್ಕಿಯ ಕಥೆ ಹೇಳಿದರು. 1837ರ ಹೊತ್ತಿಗೆ ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸ ಆ ಲಿಪಿ ಓದಿದ, ಆದರೆ ಶಾಸನಗಳಲ್ಲಿ ಬರೀ ‘ದೇವಾನಾಂಪ್ರಿಯ’ ಅಂತಿತ್ತು. ಅದು ಅಶೋಕನೇ ಎಂದು ಕಲ್ಲಿನ ಮೇಲೆ ಹೆಸರು ಸಮೇತ ಸಿಕ್ಕಿದ್ದು 1915ರಲ್ಲಿ, ಮಸ್ಕಿಯಲ್ಲಿ, ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರಿಗೆ. ಪ್ರಿನ್ಸೆಪ್ ಸತ್ತು ಎಷ್ಟೋ ವರ್ಷ ಆಗಿತ್ತು. ನಿನ್ನೆ ಎರಡು ನಿಮಿಷ ನಿಂತ ಬಸ್ಸಿನಿಂದ ಇಳಿಯದೆ ಇದ್ದದ್ದಕ್ಕೆ ನನಗೆ ಆಗ ಹೊಟ್ಟೆ ಉರಿಯಿತು.

ಕೊಪ್ಪಳ ಸ್ಟೇಷನ್ನಿನ ಕಟ್ಟೆ ಮೇಲೆ ಕೂತು ಬ್ಯಾಗು ತೆಗೆದೆ. 500 ಕರಪತ್ರದಲ್ಲಿ 496 ಉಳಿದಿದ್ದವು. ಫಾರಂ ತೆಗೆದು ನಾಲ್ಕನೇ ಪ್ರಶ್ನೆಯ ‘ಇಲ್ಲ’ದ ಟಿಕ್ಕಿನ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ ಹೆಸರು ಬರೆಯಲು ಅರ್ಧ ಇಂಚು ಜಾಗ. ಬೇವಿನ ಮರದ ತಾತ ಅಂತ ಬರೆದೆ. ಬೈಬಲಮ್ಮ ಅಂತ ಬರೆದೆ. ಟಂಟಂ ಪಾಸ್ಟರ್ ಅಂತ ಬರೆಯುವಷ್ಟರಲ್ಲಿ ಅಂಚು ಮುಗಿಯಿತು, ಹಾಳೆ ತಿರುಗಿಸಿ ಹಿಂದೆ ಬರೆದೆ. ಹತ್ತನೇ ಪ್ರಶ್ನೆಗೆ ಸೊನ್ನೆ ಹಾಕಿದೆ.

ರೈಲು ಹತ್ತಿದ ಮೇಲೆ ಮಾಸ್ತರರ ಅಕ್ಕನ ಫೋನ್ ಬಂತು. ಮೂರನೇ ನುಡಿ ಅವರಿಗೆ ನೆನಪಿತ್ತು. ಮಾಸ್ತರು ಕರಪತ್ರದ ಹಿಂದೆ ಬರೆದುಕೊಂಡರು. ಈಗ 495. ಬೋಗಿಯ ಬಾಗಿಲ ಹತ್ತಿರ ನಿಂತು, ಗಾಳಿಯ ಸದ್ದಿನಲ್ಲಿ, ಮೂರೂ ನುಡಿ ಹಾಡಿದರು. ನಾನು ವಾಯ್ಸ್ ಮೆಸೇಜ್ ಮಾಡಿ ಮೊಮ್ಮಗಳ ನಂಬರಿಗೆ ಕಳಿಸಿದೆ.

ಗದಗ ಬರುವ ಮುಂಚೆ ಉತ್ತರ ಬಂತು. ಮೊದಲು ಮೊಮ್ಮಗಳ ನಗು, ಆಮೇಲೆ ಒಲೆಯ ಚಟಪಟ, ಆಮೇಲೆ ಅಜ್ಜಿಯ ದನಿ. "ಮಾಸ್ತರ, ನುಡಿ ಬರೋಬ್ಬರಿ ಐತಿ. ರಾಗ ತಪ್ಪೈತಿ. ಬೈಬಲಮ್ಮ ಹಂಗ ಹಾಡತಿದ್ದಿಲ್ಲ. ಕೇಳ್ರಿ ಇಲ್ಲೆ..."

ಮಾಸ್ತರು ಫೋನನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡರು.